ಬೋರ್ಡು ಬದಲಾಯಿತು, ಬೀಗ ಅದೇ

ಹರಪನಹಳ್ಳಿಯಲ್ಲಿ ಬೋರ್ಡು ಬರೆಯುವವರಷ್ಟು ಪುಣ್ಯವಂತರು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿಲ್ಲ ಅನ್ನುವುದು ನನ್ನ ಹಳೆಯ ವಾದ. 1997ರವರೆಗೆ ಊರ ಹೆಸರಿನ ಕೆಳಗೆ ‘ಬಳ್ಳಾರಿ ಜಿಲ್ಲೆ’ ಅಂತ ಬರೆದರು. ಆ ವರ್ಷ ತಾಲ್ಲೂಕು ದಾವಣಗೆರೆಯ ಪಾಲಾಯಿತು, ಅಳಿಸಿ ಬರೆದರು. 2018ರಲ್ಲಿ ವಾಪಸು ಬಳ್ಳಾರಿಗೆ ಬಂತು. ಮತ್ತೆ ಡಬ್ಬಿ ತೆರೆದರು. ಆ ಬಣ್ಣ ಒಣಗಿತೋ ಇಲ್ಲವೋ, 2021ರಲ್ಲಿ ವಿಜಯನಗರ ಜಿಲ್ಲೆ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯವರು ಒಂದೇ ಸಲಕ್ಕೆ ಪಾರಾದರು. ನಾವು ಕೊಟ್ಟೂರಿನವರು ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಿನ ಹೆಸರನ್ನೂ ಬದಲಾಯಿಸಿಕೊಂಡೆವು ಅನ್ನಿ. ಆದರೂ ಹರಪನಹಳ್ಳಿಯ ದಾಖಲೆ ಮುರಿಯಲಿಲ್ಲ.

ಸಂಜೆ ಬೇಲಿಯಾಚೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದ ಪಕ್ಕದ ಮನೆಯ ಅಕ್ಕನ ಮುಂದೆ ಈ ಮಾತು ತೆಗೆದೆ. ಅಕ್ಕ ತಲೆ ಎತ್ತಲಿಲ್ಲ.

“ಅವ್ರು ಜಿಲ್ಲೆ ಹೆಸ್ರಷ್ಟೇ ಬದ್ಲಿಸಿದ್ರು ಬಿಡಣ್ಣಾ. ನಮ್ಮ ರೂಮಿಗೆ ಹೆಸ್ರೇ ಎಷ್ಟು ಸಲ ಇಟ್ಟಾರೆ ಗೊತ್ತೈತಾ?”

ಅಕ್ಕ ಮಾತಾಡುತ್ತಿರುವುದು ಪಂಚಾಯಿತಿ ಹಿಂದಿನ ಒಂಟಿ ಕೋಣೆಯ ವಿಷಯ. ಸಾಕ್ಷರ ಭಾರತ್ ಇದ್ದ ಕಾಲದಲ್ಲಿ ಅಕ್ಕ ಅಲ್ಲಿ ಪ್ರೇರಕಿ. ವಯಸ್ಕ ಹೆಂಗಸರಲ್ಲಿ ಅರ್ಧದಷ್ಟು ಜನಕ್ಕೂ ಅಕ್ಷರ ಬಾರದ ಜಿಲ್ಲೆಗಳಿಗೆಂದು 2009ರ ಸೆಪ್ಟೆಂಬರ್ 8ರಂದು ಶುರುವಾದ ಯೋಜನೆ ಅದು. ಬಳ್ಳಾರಿಯೂ ಆ ಪಟ್ಟಿಯಲ್ಲಿತ್ತು. ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ಕೇಂದ್ರಕ್ಕೆ ಇಬ್ಬರು ಪ್ರೇರಕರು, ತಲಾ ತಿಂಗಳಿಗೆ 2,000 ರೂಪಾಯಿ ಗೌರವಧನ. 2018ರ ಮಾರ್ಚ್ ಕೊನೆಗೆ ಯೋಜನೆ ಮುಗಿಯಿತು. ಗೌರವವೂ ಧನವೂ ಒಟ್ಟಿಗೇ ನಿಂತವು ಅನ್ನುತ್ತಾಳೆ ಅಕ್ಕ.

ಆ ಕೋಣೆಯ ಬಾಗಿಲ ಮೇಲಿನ ಗೋಡೆಯನ್ನು ನಾನೂ ನೋಡಿದ್ದೇನೆ. ಮಳೆ ಬಿದ್ದು ಒಂದು ಮೂಲೆಯಲ್ಲಿ ಬಣ್ಣ ಹಕ್ಕಳೆ ಎದ್ದಿದೆ. ಮೇಲೆ ‘ಅರಿವು ಕೇಂದ್ರ’, ಅದು ಹೊಸದು. ಹಕ್ಕಳೆಯ ಕೆಳಗೆ ‘ಲೋಕ ಶಿ’ ಅನ್ನುವಷ್ಟು ಕಾಣುತ್ತದೆ. ಅದರ ಕೆಳಗಿನ ಪದರದಲ್ಲಿ ನೀಲಿ ಅಕ್ಷರದ ಒಂದು ‘ನಿಲ’. ಅದು ‘ಜನ ಶಿಕ್ಷಣ ನಿಲಯ’ದ ನಿಲ; 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಹುಟ್ಟಿದಾಗಿನ ಹೆಸರು. ನಡುವೆ ‘ಮುಂದುವರಿಕೆ ಶಿಕ್ಷಣ ಕೇಂದ್ರ’ ಅಂತಲೂ ಇತ್ತಂತೆ, ಆ ಪದರ ಮುಂದುವರಿಯದೆ ಉದುರಿಹೋಗಿದೆ. ಹಂಪಿಯಲ್ಲಿ ಶಾಸನ ಓದುವವರು ಒಮ್ಮೆ ಇತ್ತ ಬಂದುಹೋಗಬೇಕು.

ಈಗ ಈ ಕೋಣೆಯನ್ನು ಪರಿಸರಸ್ನೇಹಿ ಮಾಡಬೇಕಂತೆ. ಎಲ್ಲಿ ನೋಡಿದರೂ ಅದೇ ಮಾತು: ಕಲಿಕಾ ಕೇಂದ್ರಗಳು ಹಸಿರಾಗಬೇಕು, ಸೋಲಾರ್ ಬರಬೇಕು, ಹೊಸ ಮಾದರಿ ಕಟ್ಟಡ ಬರಬೇಕು.

“ಹೊಸಾ ಕಟ್ಟಡ ಯಾಕಂತೆ?” ಅಂದಳು ಅಕ್ಕ. “ಇರೋದನ್ನೇ ತೆಗೆಯೋರಿಲ್ಲ.”

ಅಕ್ಕನ ಈ ಒಂದು ಪ್ರಶ್ನೆಯ ಮುಂದೆ ಉಳಿದ ಹಸಿರು ಲೆಕ್ಕಗಳೆಲ್ಲ ಚಿಲ್ಲರೆ ಅಂತ ನನಗನ್ನಿಸುತ್ತದೆ. ಒಂದು ಕೋಣೆ ಕಟ್ಟಲು ಸಿಮೆಂಟು, ಕಬ್ಬಿಣ, ಇಟ್ಟಿಗೆ ಸುಡಲು ಸೌದೆ, ಹಳ್ಳದ ಮರಳು. ಇಷ್ಟನ್ನೂ ತಿಂದು ನಿಂತ ಕಟ್ಟಡ ದಿನಕ್ಕೆ ಒಂದು ತಾಸು ತೆರೆದು ಉಳಿದ ಇಪ್ಪತ್ತಮೂರು ತಾಸು ಬೀಗ ಹಾಕಿಕೊಂಡಿದ್ದರೆ, ಅದರ ತಲೆಯ ಮೇಲೆ ಸೋಲಾರ್ ಹಲಗೆ ಇಟ್ಟು ಮಾಡುವ ಉಪಕಾರ ಏನು? 2019ರಿಂದೀಚೆಗೆ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಹಳ್ಳಿ ಗ್ರಂಥಾಲಯಗಳು ಗ್ರಾಮ ಪಂಚಾಯಿತಿಗಳ ಕೈಗೆ ಬಂದವು. ಅರಿವು ಕೇಂದ್ರ ಅನ್ನುವ ಹೆಸರು ಹಾಗೆ ಬಂದದ್ದು. 2020ರ ಮಕ್ಕಳ ದಿನಾಚರಣೆಗೆ ‘ಓದುವ ಬೆಳಕು’ ಅಂತ ಶುರುವಾಗಿ ಮಕ್ಕಳು ಬಂದು ಕೂತರು. ಒಳ್ಳೆಯ ಕೆಲಸ, ನಾನು ಸುಮ್ಮನೆ ಹೊಗಳುವವನಲ್ಲ. ಹಗಲು ಮಕ್ಕಳು, ಮಧ್ಯಾಹ್ನ ಸಂಘದ ಹೆಂಗಸರು, ರಾತ್ರಿ ಅಕ್ಷರ ಕಲಿಯುವ ದೊಡ್ಡವರು, ಎಲ್ಲರಿಗೂ ಅದೇ ಕೋಣೆ, ಅದೇ ಚಾಪೆ ಆಗಬೇಕು. 2022ರಿಂದ ನವ ಭಾರತ ಸಾಕ್ಷರತಾ ಕಾರ್ಯಕ್ರಮ ಬಂದಿದೆ, ಅದಕ್ಕೆ ‘ಉಲ್ಲಾಸ್’ ಅಂತಲೂ ಹೆಸರು. ಅದಕ್ಕೂ ಇದೇ ಕೋಣೆ ಸಾಕು. ಇನ್ನೊಂದು ಬೋರ್ಡು ಬರೆಸಬೇಡಿ ಅಷ್ಟೇ.

“ಕೋಣೆ ಸಾಕು ಖರೆ, ಏಪ್ರಿಲ್‌ನಾಗೆ ಒಳಗೆ ಕೂತು ನೋಡು,” ಅಂದಳು ಅಕ್ಕ.

ಅದೂ ಹೌದು. ನಮ್ಮ ಅಜ್ಜಂದಿರ ಮಾಳಿಗೆ ಮನೆಗಳಲ್ಲಿ ತೊಲೆ, ಜಂತಿ, ಮೇಲೆ ಗೇಣುದ್ದ ಮಣ್ಣು, ಅದರ ಮೇಲೆ ಕರಲು ಮಣ್ಣಿನ ಹೊದಿಕೆ. ಬೆಳಕಿಗೆ ನೆತ್ತಿಯಲ್ಲಿ ಗವಾಕ್ಷಿ. ಹೊರಗೆ ಬೆಂಕಿ ಸುರಿದರೂ ಒಳಗೆ ನಿದ್ದೆ ಬರುತ್ತಿತ್ತು. ಸರ್ಕಾರಿ ಕೋಣೆಗೆ ಆರ್‌ಸಿಸಿ ಮಾಳಿಗೆ. ಅದು ಹಗಲೆಲ್ಲ ಬಿಸಿಲು ಕುಡಿದು, ದೊಡ್ಡವರ ತರಗತಿ ನಡೆಯುವ ರಾತ್ರಿ ಎಂಟು ಗಂಟೆಗೆ ಸರಿಯಾಗಿ ಒಳಕ್ಕೆ ಕಕ್ಕುತ್ತದೆ. ಹೊಲದಲ್ಲಿ ಶೇಂಗಾ ಕಿತ್ತು ಬಂದ ಹೆಂಗಸು ಆ ಶಾಖದಲ್ಲಿ ಕೂತು ಒತ್ತಕ್ಷರ ತಿದ್ದಬೇಕು. ಅಕ್ಕ ಪ್ರೇರಕಿಯಾಗಿದ್ದಾಗ ಒಂದು ಬೇಸಿಗೆಯಲ್ಲಿ ಯುಗಾದಿಗೆ ಮನೆಗೆ ಹೊಡೆದು ಉಳಿದ ಸುಣ್ಣವನ್ನು ಒಯ್ದು ಮಾಳಿಗೆ ಮೇಲೆ ಎರಡು ಕೈ ಹೊಡೆಸಿದಳು. ಬಿಳಿ ಬಣ್ಣ ಬಿಸಿಲನ್ನು ವಾಪಸು ಕಳಿಸುತ್ತದೆ. ಒಳಗಿನ ಧಗೆ ಇಳಿಯುತ್ತದೆ. ದೊಡ್ಡ ಊರುಗಳಲ್ಲಿ ಇದಕ್ಕೆ ‘ಕೂಲ್ ರೂಫ್’ ಅಂತ ಹೆಸರಿಟ್ಟು ಬೇರೆ ಬಣ್ಣ ಮಾರುತ್ತಾರೆ. ಮಳೆಗಾಲ ಕಳೆದರೆ ಸುಣ್ಣ ತೊಳೆದುಹೋಗುತ್ತದೆ, ವರ್ಷವೂ ಹೊಡೆಯಬೇಕು. ಪಡುವಣ ಗೋಡೆಗೆ ಒಂದು ಬೇವಿನ ಗಿಡ ನಿಂತರೆ ಸಂಜೆಯ ಬಿಸಿಲೂ ತಪ್ಪುತ್ತದೆ.

ಇನ್ನು ಫ್ಯಾನು. ಹಳೆಯ ಫ್ಯಾನು ಸುಮಾರು 75 ವಾಟ್ ಎಳೆಯುತ್ತದೆ. ನಾಲ್ಕು ಫ್ಯಾನು ಎಂಟು ತಾಸು ತಿರುಗಿದರೆ 2.4 ಯೂನಿಟ್. ಈಗ ಬಂದಿರುವ ಬಿಎಲ್‌ಡಿಸಿ ಫ್ಯಾನು 30 ವಾಟಿನ ಆಸುಪಾಸು. ಅಷ್ಟೇ ಗಾಳಿಗೆ ಒಂದು ಯೂನಿಟ್ಟೂ ಆಗುವುದಿಲ್ಲ. 1 ಕಿಲೋವಾಟಿನ ಸೋಲಾರ್ ಹಲಗೆ ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅಂದರೆ ಮೊದಲು ಫ್ಯಾನು, ಬಲ್ಬು ಬದಲಿಸಿದರೆ ಸಣ್ಣ ಹಲಗೆ ಸಾಕು. ನಮ್ಮಲ್ಲಿ ಉಲ್ಟಾ. ಹಲಗೆ ಬಂದುಬಿಡುತ್ತದೆ, ಫ್ಯಾನು ಅದೇ ಹಳೆಯದು ಕಿರ್ರ್ ಅನ್ನುತ್ತಾ ತಿರುಗುತ್ತದೆ.

“ಹಲಗೇನೂ ಬೇಡ, ಬ್ಯಾಟ್ರಿ ಕತಿ ಹೇಳ್ತೀನಿ ಕೇಳು,” ಅಂತ ಅಕ್ಕ ಮೊರ ಕೆಳಗಿಟ್ಟಳು. ಯಾವುದೋ ಊರಿನ ಕೇಂದ್ರಕ್ಕೆ ಸೋಲಾರ್ ದೀಪ ಬಂತಂತೆ. ಹಾಕಿಕೊಟ್ಟವನು, ಬ್ಯಾಟರಿಗೆ ಆಗಾಗ ನೀರು ಹಾಕಬೇಕು ಅಂತ ಹೇಳಿ ಬಸ್ಸು ಹತ್ತಿದ. ಯಾವ ನೀರು ಅಂತ ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ನೀರು ಕಡಿಮೆಯಾದಾಗ ಬೋರಿನ ನೀರನ್ನೇ ಚೆಂಬಿನಲ್ಲಿ ತಂದು ಹುಯ್ದರು. ನಮ್ಮ ಬೋರಿನ ನೀರು ಎಂಥದು? ಹಂಡೆಯಲ್ಲಿ ಕಾಯಿಸಿದರೆ ತಳಕ್ಕೆ ಬಿಳಿ ಚಕ್ಕೆ ಕಟ್ಟುತ್ತದೆ. ಬ್ಯಾಟರಿಯ ಸೀಸದ ಹಲಗೆಗೂ ಅದೇ ಗತಿಯಾಯಿತು. ದೀಪ ಸಂಜೆ ಹೊತ್ತಿ ‘ಅ ಆ ಇ ಈ’ ಮುಗಿಯುವುದರೊಳಗೆ ಕಣ್ಣು ಮುಚ್ಚತೊಡಗಿತು. ಕೊನೆಗೆ ಬ್ಯಾಟರಿ ಗುಜರಿಗೆ ಹೋಯಿತು, ಸೀಸವೂ ಆಸಿಡ್ಡೂ ಯಾವ ಮಣ್ಣಿಗೆ ಹೋದವೋ. ಪೇಟೆಯ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಒಂದು ಕ್ಯಾನು ಡಿಸ್ಟಿಲ್ಡ್ ವಾಟರ್ ತರಲು ಯಾವ ಲೆಕ್ಕದ ಬಾಬಿನಲ್ಲಿ ದುಡ್ಡು ತೆಗೆಯಬೇಕು ಅನ್ನುವುದು ಕೊನೆವರೆಗೂ ಇತ್ಯರ್ಥವಾಗಲಿಲ್ಲವಂತೆ. ಯೋಜನೆಯಲ್ಲಿ ಸಾಮಾನು ಕೊಳ್ಳಲು ಹಣ ಇರುತ್ತದೆ, ಸಾಕಿಕೊಳ್ಳಲು ಇರುವುದಿಲ್ಲ.

ಇದೇ ಹೊತ್ತಿಗೆ ಹರಪನಹಳ್ಳಿ ಕಡೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಗಿರ್ರೆಂದು ತಿರುಗುತ್ತಿರುತ್ತವೆ. ಆ ಕರೆಂಟು ದೊಡ್ಡ ತಂತಿ ಹಿಡಿದು ಎಲ್ಲಿಗೋ ಹೋಗುತ್ತದೆ. ಗುಡ್ಡದ ಬುಡದ ಊರಿನಲ್ಲಿ ಕರೆಂಟು ಹೋಗಿ, ಕಲಿಯಲು ಬಂದವರು ನೋಟ್‌ಬುಕ್ಕಿನಿಂದ ಗಾಳಿ ಬೀಸಿಕೊಳ್ಳುತ್ತಾ ಕೂತಿರುತ್ತಾರೆ.

ನೀರಿನ ಮಾತು ಬಂದರೆ ಅಕ್ಕನಿಗೆ ಸಿಟ್ಟು ಬರುತ್ತದೆ, ಯಾಕೆಂದರೆ ಅವಳಿಗೆ ಮೊಣಕಾಲು ನೋವು. ಆ ನೋವು ಫ್ಲೋರೈಡಿನದೋ ವಯಸ್ಸಿನದೋ ನಾನು ಹೇಳಲಾರೆ. ಆದರೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ಎಷ್ಟೋ ಬೋರುಗಳಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಅನ್ನುವ ಮಿತಿ ದಾಟಿದೆ. ಅದಕ್ಕೇ ಊರೂರಿಗೆ ಶುದ್ಧ ನೀರಿನ ಘಟಕ ಬಂತು. ಘಟಕ ಒಂದು ಕೊಡ ಒಳ್ಳೆಯ ನೀರು ಕೊಡುವಾಗ ಹೆಚ್ಚುಕಡಿಮೆ ಒಂದು ಕೊಡ ಉಪ್ಪುನೀರು ಚರಂಡಿಗೆ ಬಿಡುತ್ತದೆ. ಆ ನೀರನ್ನು ಗಿಡಕ್ಕೆ ಹಾಕಿ ಅಂತ ಕೆಲವರು ಭಾಷಣ ಮಾಡುತ್ತಾರೆ. ಹಾಕಿ ನೋಡಲಿ, ಎಲೆಯ ಅಂಚು ಸುಟ್ಟು ಬರುತ್ತದೆ. ನೆಲ ಒರೆಸಲು, ಕಕ್ಕಸಿಗೆ ಹಾಕಲು ಆದೀತು.

ಮಳೆ ನೀರಿನಲ್ಲಿ ಈ ಫ್ಲೋರೈಡಿನ ಕಾಟವಿಲ್ಲ. ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಮಾಳಿಗೆ ಅಂದರೆ ಸುಮಾರು 56 ಚದರ ಮೀಟರ್. ವರ್ಷಕ್ಕೆ ಕಂಜೂಸಿಯಿಂದ 500 ಮಿಲಿಮೀಟರ್ ಮಳೆ ಹಿಡಿದರೂ 28,000 ಲೀಟರ್. ಮೊದಲ ಮಳೆಯ ಕೊಳೆ ನೀರು, ಸೋರಿಕೆ, ಆವಿ ಅಂತ ಐದರಲ್ಲೊಂದು ಪಾಲು ಕಳೆದರೂ 22,000 ಉಳಿಯಿತು. ಇಪ್ಪತ್ತೈದು ಜನ ದಿನಕ್ಕೆ ಎರಡೆರಡು ಲೀಟರ್ ಕುಡಿದರೆ ವರ್ಷಕ್ಕೆ 18,250. ಅಕ್ಕನಿಗೆ ಈ ಲೆಕ್ಕ ಬೇಲಿಯ ಮೇಲಿನಿಂದಲೇ ಒಪ್ಪಿಸಿದೆ. ಅವಳು ಬಾಯಲ್ಲೇ ಕೂಡಿ ಕಳೆದು ನೋಡಿದಳು.

“ಲೆಕ್ಕ ಸರಿ ಐತೆ. ಆದ್ರೆ ಮಳೆ ಬಂದಾಗ ಮಾಳಿಗಿ ಗುಡಿಸೋರು ಯಾರು?”

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಮಾತು ಪಾಠದ ಕಡೆ ಹೊರಳಿಸಿದೆ. ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯವರು 1947ರಲ್ಲೇ ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆದದ್ದನ್ನು ಹೇಳಿದೆ. ಡೆನ್ಮಾರ್ಕಿನ ರೈತರ ಶಾಲೆಗಳ ಮಾದರಿ. ಹಳ್ಳಿ ಹುಡುಗರು ಅಲ್ಲೇ ಉಳಿದು ಓದೂ ಬೇಸಾಯವೂ ಕಲಿಯುವುದು. ಪಾಠಕ್ಕೂ ಮಣ್ಣಿಗೂ ನಡುವೆ ಗೋಡೆಯೇ ಇಲ್ಲದ ಹಾಗೆ.

“ನಮ್ಮೋರಿಗೆ ಮಣ್ಣು ಯಾರು ಕಲಿಸ್ಬೇಕಣ್ಣಾ?” ಅಂದಳು. “ನನ್ ಹತ್ರ ಬರ್ತಿದ್ದ ಒಬ್ಬ ಅಜ್ಜಿ, ಹೆಸ್ರು ಬರಿಯಾಕೆ ಬರ್ತಿರ್ಲಿಲ್ಲ. ಸಜ್ಜೆ ಬೀಜ ಬೂದಿ ಹಾಕಿ ಎಷ್ಟು ವರ್ಸ ಇಡಬೌದು ಅಂತ ನಂಗೇ ಪಾಠ ಮಾಡೋಳು. ಪ್ರೈಮರ್‌ನಾಗೆ ಅದಿಲ್ಲ.”

ಅಕ್ಷರ ಕಲಿಸುವ ಆ ಪ್ರೈಮರ್ ಪುಸ್ತಕದ ವಿಷಯಕ್ಕೆ ನನಗೆ ಬೇರೆ ತಕರಾರಿದೆ. ಒಬ್ಬರು ಅದರಲ್ಲೇ ಬರೆದರೆ ಅದರ ಆಯಸ್ಸು ಮುಗಿಯಿತು, ಮುಂದಿನವರಿಗೆ ಹೊಸ ಕಟ್ಟು ಬರಬೇಕು. ಸ್ಲೇಟು, ಬಳಪ ಇದ್ದರೆ ಒಂದೇ ಪ್ರತಿ ನಾಲ್ಕಾರು ಜನಕ್ಕೆ ಆಗುತ್ತದೆ. ಸ್ಲೇಟು ಅಂದರೆ ಮಕ್ಕಳಾಟ ಅಂತ ದೊಡ್ಡವರು ನಾಚುತ್ತಾರೆ ಅನ್ನುವುದು ಅಕ್ಕನ ಆಕ್ಷೇಪ. ಇದ್ದೀತು.

ಸರ್ಕಾರದ ಕ್ಯಾಲೆಂಡರು ಇನ್ನೊಂದು ತಮಾಷೆ. ಸುಗ್ಗಿ ಮುಗಿದರೆ ಕೂಡ್ಲಿಗಿ ಕಡೆಯ ಹಳ್ಳಿಗಳಲ್ಲಿ ಗುಳೆ ಶುರು: ಕಾಫಿ ಕೊಯ್ಲಿಗೆ, ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡಗಳಿಗೆ. ಊರಲ್ಲಿ ಮುದುಕರು, ಕೋಳಿಗಳು. ಮಾರ್ಚ್ ಬಂದರೆ ವರ್ಷದ ಹಣ ಖರ್ಚು ಮಾಡಲೇಬೇಕಲ್ಲ, ಕೇಂದ್ರಕ್ಕೆ ಸಾಮಾನು ಬರುವುದು ಆಗಲೇ. ಹಡಗಲಿಯಲ್ಲಿ ಮಲ್ಲಿಗೆ ಬಿಡಿಸುವವರಿಗೆ ಬೆಳಗಿನ ಜಾವಕ್ಕೇ ತೋಟಕ್ಕೆ ಹೋಗಬೇಕು, ರಾತ್ರಿ ಒಂಬತ್ತರವರೆಗೆ ಕೂರಿಸಿದರೆ ತೂಕಡಿಸುತ್ತಾರೆ. ಅವರಿಗೆ ಮಧ್ಯಾಹ್ನ, ಮರದ ನೆರಳಲ್ಲಿ ತರಗತಿ ಇಟ್ಟರೆ ದೀಪವೂ ಬೇಡ, ಫ್ಯಾನೂ ಬೇಡ. ಹೊತ್ತು ನೋಡಿ ಪಾಠ ಇಟ್ಟರೆ ಉಳಿಯುವಷ್ಟು ಕರೆಂಟು ಯಾವ ಯಂತ್ರವೂ ಉಳಿಸದು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಅಕ್ಕ ಒಮ್ಮೆ ತನ್ನ ಕಲಿಯುವವರನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಕರೆದೊಯ್ದಿದ್ದಳು. ಕೆರೆಯೊಳಗೆ ಕರಿಜಾಲಿ ಮರಗಳು, ಅವುಗಳ ತುಂಬ ಬಣ್ಣದ ಕೊಕ್ಕರೆ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿಯಲ್ಲಿ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ನೂರು ಹೆಕ್ಟೇರಿಗೂ ಕಡಿಮೆ ಜಾಗ, ಅದರಲ್ಲಿ 30 ಸಾವಿರಕ್ಕೂ ಹೆಚ್ಚು ನೀರುಹಕ್ಕಿ. ಅವತ್ತು ಇನ್ನೂ ಬೋರ್ಡು ಗೀರ್ಡು ಇರಲಿಲ್ಲ. ಹೆಂಗಸರು ಏರಿ ಮೇಲೆ ರೊಟ್ಟಿ ಬಿಚ್ಚಿ ಕೂತು, ಹಕ್ಕಿ ಹಿಕ್ಕೆ ಬಿದ್ದ ಕೆರೆ ಹೂಳು ಹೊಲಕ್ಕೆ ಹೊಡೆದರೆ ಜೋಳ ಹೆಂಗೆ ಬರುತ್ತದೆ ಅನ್ನುವುದರ ಮೇಲೆ ಒಂದು ತಾಸು ವಾದ ಮಾಡಿದರಂತೆ. ಅಕ್ಕ ಅವತ್ತಿನ ಹಾಜರಿ ಪುಸ್ತಕದಲ್ಲಿ ‘ಪಾಠ ನಡೆದಿದೆ’ ಅಂತ ಬರೆದಳು. ತಪಾಸಣೆಗೆ ಬಂದವರು, ಕೇಂದ್ರದ ಹೊರಗೆ ನಡೆದದ್ದು ಪಾಠ ಹೇಗಾಗುತ್ತದೆ ಅಂತ ಕೇಳಿದರು.

“ಬರೋ ಗ್ರಾಮಸಭೇಲಿ ಈ ಸುಣ್ಣ, ಫ್ಯಾನು, ಮಳೆನೀರು ಎಲ್ಲಾ ಕೇಳೋಣ ಅಕ್ಕ,” ಅಂದೆ.

“ಕೇಳು, ಬ್ಯಾಡ ಅನ್ನಲ್ಲ. ಆದ್ರೆ ಅರ್ಜಿನಾಗೆ ಮೊದ್ಲು ಬೀಗದ ಕೈ ಬರಿ. ಒಂದು ಗ್ರಂಥಪಾಲಕರ ಹತ್ರ, ಒಂದು ಸಂಘದ ಹೆಂಗಸ್ರ ಹತ್ರ. ಒಬ್ರೇ ಇಟ್ಕಂಡ್ರೆ ಅವ್ರು ಸಂತಿಗೆ ಹೋದ ದಿನ ಎಲ್ಲಾ ಹೊರಗೇ.” ಮೊರ ಎತ್ತಿಕೊಂಡು ಎದ್ದವಳು ಮತ್ತೆ ತಿರುಗಿ, “ಬ್ಯಾಟ್ರಿ ನೀರಿಗೆ ಯಾವ ಬಾಬು ಅಂತಾನೂ ಕೇಳಣ್ಣಾ,” ಅಂದಳು.