ಬಲಗಡೆ ಕೊಡಪ್ಪಾ

ನಮ್ಮ ಕಡೆ ದೇವರು ಮಾತಾಡುವುದಿಲ್ಲ, ಹೂ ಬೀಳಿಸುತ್ತಾನೆ. ಭಟ್ಟರು ಒದ್ದೆ ಎಸಳುಗಳನ್ನು ಮೂರ್ತಿಯ ಎಡಬಲಕ್ಕೆ ಅಂಟಿಸಿ, ಪ್ರಾರ್ಥನೆ ಮಾಡಿ, ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಬಹುದು, ಎಡಗಡೆಯದಾದರೆ ಬೇಡ. ಪ್ರಸಾದ ಕೇಳುವುದು ಅಂದರೆ ಇದೇ. ಹೊನ್ನಾವರ ತಾಲ್ಲೂಕಿನ ಇಡಗುಂಜಿಯಲ್ಲಿ ಮದುವೆ ಸಂಬಂಧದ ಬಗ್ಗೆ ಗಣಪತಿಯ ಎರಡೂ ಪಾದಕ್ಕೆ ಚೀಟಿ ಇಟ್ಟು ಕೇಳುವ ಪದ್ಧತಿಯಿದೆ. ಅಲ್ಲಿನ ಗಣಪತಿ ನಿಂತೇ ಇದ್ದಾನೆ. ಊರವರ ಮದುವೆಯನ್ನೆಲ್ಲ ತಾನೇ ಕುದುರಿಸಬೇಕಾದವನಿಗೆ ಕೂರಲು ಪುರುಸೊತ್ತೆಲ್ಲಿ?

ಇಲ್ಲಿಯವರೆಗೆ ಎಲ್ಲ ಸಲೀಸು. ಪಜೀತಿ ಶುರುವಾಗುವುದು ಹೂ ಎಡಕ್ಕೆ ಬಿದ್ದಾಗ.

ದೊಡ್ಡಮ್ಮನ ಮಗಳಿಗೊಂದು ಸಂಬಂಧ ಬಂದಿತ್ತು. ಬೆಂಗಳೂರಲ್ಲಿ ಸ್ವಂತ ಮನೆ, ಮೇಲೆ ಬಾಡಿಗೆಗೆ ಕೊಟ್ಟ ಇನ್ನೊಂದು ಮನೆ, ನಾದಿನಿಯರ ಕಾಟವಿಲ್ಲ. ಹೂ ಎಡಕ್ಕೆ ಬಿತ್ತು.

"ಭಟ್ರೇ, ಹೊರಗೆ ಫ್ಯಾನು ತಿರುಗ್ತಾ ಇದೆಯಲ್ಲ, ಗಾಳಿಗೆ ಬಿದ್ದದ್ದು" ಅಂದಳು ದೊಡ್ಡಮ್ಮ. ಫ್ಯಾನು ನಿಂತಿತು. ಮತ್ತೆ ಎಡ.

"ನಾವು ಕೇಳಿದ್ದು ಸರಿಯಾಗಲಿಲ್ಲವೇನೋ. ಈ ವರ್ಷವೇ ಆಗ್ಬೇಕಾ ಅಂತ ದೇವರು ತಿಳ್ಕೊಂಡಿರಬೇಕು. ನಿಧಾನಕ್ಕೆ ಮಾಡಬಹುದಾ ಅಂತ ಕೇಳಿ."

ಈ ಸಲ ಎರಡೂ ಬೀಳಲಿಲ್ಲ. ಬಲಗಡೆಯ ಎಸಳು ತುದಿ ಬಿಟ್ಟುಕೊಂಡು, ಹನಿಯೊಂದರ ಆಸರೆಯಲ್ಲಿ ತೂಗಾಡುತ್ತಿತ್ತು. ಎಲ್ಲರ ಕಣ್ಣೂ ಅಲ್ಲೇ. ಹಸಿದಿದ್ದ ದೊಡ್ಡಪ್ಪ ನನ್ನ ಕಿವಿಯಲ್ಲಿ, "ಇವಳಿಗೆ ಬೇಡ ಅಂದು ಪ್ರಯೋಜನ ಇಲ್ಲ ಅಂತ ದೇವರಿಗೆ ಇಷ್ಟು ಬೇಗ ಗೊತ್ತಾಯ್ತಲ್ಲ, ನಂಗೆ ಮೂವತ್ತು ವರ್ಷ ಬೇಕಾಯ್ತು ಮಾರಾಯಾ" ಅಂದ. ಅಷ್ಟರಲ್ಲಿ ಎಸಳು ಬಿತ್ತು. ಬಲಕ್ಕೆ! ದೊಡ್ಡಮ್ಮ ಕೈಮುಗಿದು, "ಎಲ್ಲ ನಿನ್ನಿಚ್ಛೆ" ಅಂದಳು. ಅವಳ ಕಣ್ಣಲ್ಲಿ ಬಂದ ನೀರು ಅಪ್ಪಟ ನಿಜದ್ದು. ದೇವರ ಮೇಲೆ ಅವಳಿಗೆ ಎಳ್ಳಷ್ಟೂ ಅನುಮಾನವಿಲ್ಲ, ಒಂದೇ ಸಲಕ್ಕೆ ಅವನಿಗೆ ಕಿವಿ ಕೇಳಿಸುತ್ತದೆ ಅನ್ನುವುದರಲ್ಲಿ ಮಾತ್ರ ಅನುಮಾನ.

ಮದುವೆಯಾಯಿತು. ಸಂಸಾರ ಹೇಗಿದೆ ಅಂತ ಕೇಳಬೇಡಿ. ಚೆನ್ನಾಗಿದ್ದರೆ ಅದು ಕೊನೆಯ ಹೂವಿನ ಮಹಿಮೆ, ಜಗಳವಾದರೆ ಮೊದಲ ಹೂವಿನದು. ಏನೇ ಆದರೂ ದೇವರ ಮಾತು ಸುಳ್ಳಾಗದಂತೆ ದೊಡ್ಡಮ್ಮ ವ್ಯವಸ್ಥೆ ಮಾಡಿಟ್ಟಿದ್ದಾಳೆ.

ಬೈಬಲ್ಲಿನ ಗಿದ್ಯೋನನೂ ಇದೇ ಪೈಕಿ. ಯುದ್ಧಕ್ಕೆ ಹೊರಡು ಅಂದ ದೇವರಿಗೆ ಅವನು, ಕಣದಲ್ಲಿಟ್ಟ ಕುರಿಯುಣ್ಣೆ ಮಾತ್ರ ಇಬ್ಬನಿಗೆ ತೊಯ್ಯಲಿ, ಸುತ್ತಲ ನೆಲ ಒಣಗಿರಲಿ, ಆಗ ನಂಬುತ್ತೇನೆ ಅಂದ. ಬೆಳಿಗ್ಗೆ ಉಣ್ಣೆ ಹಿಂಡಿದರೆ ಬಟ್ಟಲು ತುಂಬ ನೀರು. ಸುಮ್ಮನಾದನೇ? ಸಿಟ್ಟಾಗಬೇಡ, ಈ ಸಲ ಉಣ್ಣೆ ಒಣಗಿರಲಿ, ನೆಲ ಒದ್ದೆಯಾಗಲಿ ಅಂದ. ಅದೂ ಆಯಿತು. ಗಿದ್ಯೋನ ಹೌದು ಅನ್ನಿಸಿಕೊಂಡ ಮೇಲೂ ಕೇಳಿದ. ದೊಡ್ಡಮ್ಮ ಹೌದು ಅನ್ನಿಸುವ ತನಕ ಮಾತ್ರ ಕೇಳುತ್ತಾಳೆ. ಆ ಲೆಕ್ಕದಲ್ಲಿ ಇವಳ ಭಕ್ತಿಯೇ ಗಟ್ಟಿ ಅಂತ ನನ್ನ ತೀರ್ಮಾನ.

ಹೂವಿನ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಎರಡನೇ ಸಲ ಕೇಳುವ ಸೌಕರ್ಯವೇ ಇಲ್ಲ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ, ದೇವರ ಪರವಾಗಿ ನುಡಿಯುವ, ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲೇರಿ "ಸದ್ದಲೇ" ಎಂದರೆ ಅಷ್ಟು ದೊಡ್ಡ ಜನಸಾಗರ ಗಪ್‌ಚುಪ್. ಒಂದು ಸಾಲು ಕಾರಣಿಕ, ಅಂದರೆ ಭವಿಷ್ಯ, ನುಡಿದು ಮೇಲಿಂದ ಬಿದ್ದುಬಿಡುತ್ತಾನೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಹಾಗಂತ ನಮ್ಮ ಜನ ಬಿಡುತ್ತಾರೆಯೇ? ಅದೇ ಸಾಲಿನಲ್ಲಿ ರೈತನಿಗೆ ಮಳೆ ಕಾಣುತ್ತದೆ, ಶಾಸಕರಿಗೆ ಮಂತ್ರಿಗಿರಿ.

ನಾನು ದೇವಸ್ಥಾನದವರೆಗೆ ಹೋಗುವವನಲ್ಲ. ನನ್ನದು ಖಾಸಗಿ ವ್ಯವಹಾರ. ಕಾರು ಕೊಳ್ಳುವ ಆಸೆಯಿದ್ದಾಗ ಬಸ್‌ಸ್ಟಾಪಲ್ಲಿ ನಿಂತು, ಮುಂದೆ ಬರುವ ಬಸ್ಸು ಕೆಂಪಾಗಿದ್ದರೆ ಸಾಲ ಮಾಡುವುದೇ ಸೈ ಅಂತ ದೇವರ ಜೊತೆ ಮಾತಾಡಿಕೊಂಡೆ. ನಮ್ಮೂರ ರೂಟಿನಲ್ಲಿ ಓಡಾಡುವುದೇ ಕೆಂಪು ಬಸ್ಸು, ಬೇರೆ ಬಣ್ಣದ್ದು ಕಂಡವರಿಲ್ಲ. ಗಂಟೆಗಟ್ಟಲೆ ಕಾದರೂ ಅವತ್ತು ಬಸ್ಸೇ ಬರಲಿಲ್ಲ. ಕಾರು ತಗೋ ಅಂತ ದೇವರು ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ?