ಥೀಮೇಶ

"ನಿಮ್ಮ ವಿಷನ್ ಏನು ಚಿಕ್ಕಪ್ಪ?" ಎಂದು ಅವನು ಕೇಳಿದಾಗ ನಾನು ಕನ್ನಡಕ ತೆಗೆದು ಒರೆಸುತ್ತಾ, "ಎಡಗಣ್ಣಿಗೆ ಒಂದೂವರೆ, ಬಲಗಣ್ಣಿಗೆ ಎರಡು" ಎಂದೆ.

ಅವನು ನಗಲಿಲ್ಲ. ಕೈಯಲ್ಲಿದ್ದ ಟ್ಯಾಬ್ ಮೇಲೆ ಏನೋ ಬರೆದುಕೊಂಡ. 'ಕ್ಲೈಂಟಿಗೆ ವಿಷನ್ ಇಲ್ಲ' ಎಂದೇ ಬರೆದುಕೊಂಡಿರಬೇಕು.

ಅವನು ನನ್ನ ಹೆಂಡತಿಯ ಅಕ್ಕನ ಮಗ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ನಾಲ್ಕು ವರ್ಷ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದು, ಒಂದು ಸೋಮವಾರ ಬೆಳಿಗ್ಗೆ ರಾಜೀನಾಮೆ ಕೊಟ್ಟು ಮದುವೆಗಳನ್ನು ಡಿಸೈನ್ ಮಾಡಲು ಹೊರಟವನು. ಸುದ್ದಿ ತಿಳಿದಾಗ ನಾವೆಲ್ಲ ಅವನ ಮನೆಗೆ ಹೋಗಿ ಅವನ ತಾಯಿಗೆ ಸಮಾಧಾನ ಹೇಳಿ, ಕಾಫಿ ಕುಡಿದು ಬಂದಿದ್ದೆವು. "ಮೊದಲು ತನ್ನದೊಂದು ಮಾಡಿಕೊಳ್ಳಲಿ ಬಿಡಿ" ಎಂದು ನಾನೇ ಹೇಳಿದ್ದೆ. ಆ ಮಾತು ಅವನ ಕಿವಿಗೆ ಬಿದ್ದಿತ್ತೋ ಏನೋ, ನನ್ನ ಮಗಳ ಮದುವೆ ಗೊತ್ತಾದ ಮಾರನೇ ದಿನವೇ ಬಂದು ಸೋಫಾದ ಮೇಲೆ ಕುಳಿತ. ಹೆಸರು ಹೇಳುವುದು ಬೇಡ. ಮನಸ್ಸಿನಲ್ಲಿ ನಾನಿಟ್ಟ ಹೆಸರು ಥೀಮೇಶ.

ಈಗ ಪ್ರತಿ ಬಂಧುಬಳಗಕ್ಕೂ ಒಬ್ಬ ಥೀಮೇಶ ಇದ್ದಾನೆ. ಇಲ್ಲದವರು ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ. ಗುರುತು ಹಿಡಿಯುವುದು ಸುಲಭ. ಎಲ್ಲರೂ ರೇಷ್ಮೆಯಲ್ಲಿ ಹೊಳೆಯುವಾಗ ಕರಿ ಟೀ ಶರ್ಟಿನಲ್ಲಿ ಓಡಾಡುವವನೇ ಅವನು. ಸೊಂಟದಲ್ಲಿ ವಾಕಿಟಾಕಿ, ಹೆಗಲ ಚೀಲದಲ್ಲಿ ಪಿನ್ನು, ದಾರ, ಎರಡು ಬದಿಯೂ ಅಂಟುವ ಟೇಪು, ಬಿಸಿ ಅಂಟಿನ ಗನ್ನು. ಅವನ ಬಾಯಲ್ಲಿ ಚಪ್ಪರ 'ಕ್ಯಾನಪಿ' ಆಗುತ್ತದೆ, ಹೂವು 'ಫ್ಲೋರಲ್ಸ್' ಆಗುತ್ತದೆ, ನಮ್ಮ ಅಜ್ಜಿಯ ಕಾಲದಿಂದ ಹಿತ್ತಲಲ್ಲಿ ನಡೆಯುತ್ತಿದ್ದ ಅರಿಶಿನದ ಶಾಸ್ತ್ರ 'ಹಲ್ದಿ' ಆಗಿ ಡಿಜೆ ಸಮೇತ ಮರಳುತ್ತದೆ. ಅದಕ್ಕೆ ಎಲ್ಲರೂ ಹಳದಿ ಬಟ್ಟೆ ಉಡಬೇಕೆಂದು ಅಪ್ಪಣೆಯಾದಾಗ ನಮ್ಮ ಸೋದರತ್ತೆ, "ಅರಿಶಿನ ಹಚ್ಚಿದರೆ ತಾನೇ ಹಳದಿಯಾಗುತ್ತಲ್ಲೋ, ಮುಂಚೆನೇ ಯಾಕೆ?" ಎಂದು ಕೇಳಿದರು. ಥೀಮೇಶನ ಬಳಿ ಉತ್ತರವಿರಲಿಲ್ಲ. ಹಳದಿ ಶಾಲು ಇತ್ತು, ಅದನ್ನೇ ಹೊದಿಸಿದ.

ಅವನು ಕಳಿಸಿದ ಹನ್ನೊಂದು ಪುಟದ ಕಾರ್ಯಕ್ರಮ ಪಟ್ಟಿಯಲ್ಲಿ ನನ್ನ ಹೆಸರು ಎಲ್ಲೂ ಇರಲಿಲ್ಲ. ಕಡೆಗೆ ಮಗಳು ತೋರಿಸಿದಳು. ಹುಡುಗಿಯ ತಂದೆ ಎಂಬುದರ ಇಂಗ್ಲಿಷ್ ಸಂಕ್ಷೇಪವಾಗಿ ನಾನು 'ಎಫ್‌ಓಬಿ' ಆಗಿದ್ದೆ. '6.05: ಎಫ್‌ಓಬಿ ಆರತಿ ತಟ್ಟೆಯ ಎಡಕ್ಕೆ. ನಗು.' ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವನಿಗೆ ಎಫ್‌ಓಬಿ ಎಂದರೆ ರಫ್ತಿನ ಮಾತು. ಸರಕು ಹಡಗು ಹತ್ತಿದ ಮೇಲೆ ಕಳಿಸಿದವನ ಹೊಣೆಯೂ ಖರ್ಚೂ ಮುಗಿಯಿತು ಎಂದರ್ಥ. ಥೀಮೇಶನ ಎಫ್‌ಓಬಿಗೆ ಆ ಸೌಲಭ್ಯವಿರಲಿಲ್ಲ.

ಖರ್ಚಿನ ವಿಚಾರದಲ್ಲಿ ನಾನು ಒಂದು ಉಪಾಯ ಹೂಡಿದ್ದು ನಿಜ. "ನೋಡಪ್ಪಾ, ಕುವೆಂಪು ಅವರು ಮಂತ್ರ ಮಾಂಗಲ್ಯ ಬರೆದುಕೊಟ್ಟಿದ್ದಾರೆ. ತೇಜಸ್ವಿ 1966ರಲ್ಲೇ ಹಾಗೆ ಸರಳವಾಗಿ ಮದುವೆಯಾದರು. ನಾವೂ ಯಾಕೆ..." ಎಂದು ಆರಂಭಿಸಿದೆ. ಆದರ್ಶದ ಮರೆಯಲ್ಲಿ ನಿಂತು ಜಿಪುಣತನ ಮಾಡುವುದರಲ್ಲಿ ನಾನು ಪಳಗಿದವನು. ಥೀಮೇಶನ ಕಣ್ಣು ಮಿನುಗಿತು. "ಸೂಪರ್ ಚಿಕ್ಕಪ್ಪ! ಮಲೆನಾಡು ಥೀಮ್! ಕುಪ್ಪಳಿ ಕವಿಮನೆಯ ಸೆಟ್ ಹಾಕಿಸೋಣ. ಒಳಾಂಗಣ, ತೊಟ್ಟಿ, ಮರದ ಕಂಬ... ಪ್ಲೈವುಡ್‌ನಲ್ಲಿ ಆರು ಲಕ್ಷದೊಳಗೆ ಮುಗಿಸ್ತೀನಿ."

ನಾನು ಬಾಯಿ ಮುಚ್ಚಿಕೊಂಡೆ. ಇನ್ನೂ ಮಾತಾಡಿದ್ದರೆ ಹಂಪಿಯೇ ಬರುತ್ತಿತ್ತು. ಬರುವುದಿಲ್ಲ ಎನ್ನುವ ಹಾಗಿಲ್ಲ. 2016ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಒಂದು ಮದುವೆಗಾಗಿ ಹಂಪಿ ಬಂದೇ ಇತ್ತು. ನೋಟು ರದ್ದಾಗಿ, ಮದುವೆ ಮನೆಯವರು ಲಗ್ನಪತ್ರಿಕೆ ಹಿಡಿದು ಬಂದರೂ ಖಾತೆಯಿಂದ ಎರಡೂವರೆ ಲಕ್ಷಕ್ಕಿಂತ ಹೆಚ್ಚು ನಗದು ಕೊಡಬಾರದೆಂದು ನಮ್ಮ ಕೌಂಟರಿಗೆ ಆದೇಶ ಬಂದಿದ್ದ ತಿಂಗಳು ಅದು. ನನ್ನೆದುರು ಕಣ್ಣೀರು ಹಾಕಿದ ಅಪ್ಪಂದಿರನ್ನು ನೋಡಿ ಆಗ ಮರುಗಿದ್ದೆ. ಈಗ ಅನಿಸುತ್ತದೆ, ಆ ಆದೇಶ ಇನ್ನೊಂದಿಷ್ಟು ವರ್ಷ ಜಾರಿಯಲ್ಲಿ ಇರಬೇಕಿತ್ತು.

ಪುರೋಹಿತರ ಜೊತೆ ಅವನ ಮೊದಲ ಭೇಟಿಯೂ ನೆನಪಿಡುವಂಥದ್ದು. ಮುಹೂರ್ತ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ. "ಗುರುಗಳೇ, ಇದನ್ನ ಗೋಲ್ಡನ್ ಅವರ್‌ಗೆ ಶಿಫ್ಟ್ ಮಾಡಬಹುದಾ? ಸಂಜೆ ಬೆಳಕು ಫೋಟೋಗೆ ಚೆನ್ನಾಗಿರುತ್ತೆ" ಎಂದ. ಪುರೋಹಿತರು ಪಂಚಾಂಗದಿಂದ ತಲೆಯೆತ್ತದೆ, "ಗೋಧೂಳಿ ಲಗ್ನ ಅಂತ ಇದೆಯಪ್ಪ. ಆದರೆ ದನ ಮನೆಗೆ ಬರುವ ಧೂಳು ಏಳಬೇಕು" ಎಂದರು. ಗೇಲಿ ಮಾಡಿದ್ದು ಅವರು. ಇವನು ಗಂಭೀರವಾಗಿ, "ದನಕ್ಕೆ ನಮ್ಮ ಹತ್ತಿರ ವೆಂಡರ್ ಇದಾರೆ" ಎಂದುಬಿಟ್ಟ. ಮುಂದಿನ ಅನಾಹುತ ಹುಟ್ಟಿದ್ದು ಅಲ್ಲೇ.

ಕಡೆಗೆ ತೀರ್ಮಾನವಾದ ಥೀಮು 'ಹಳ್ಳಿ'. ಕನಕಪುರ ರಸ್ತೆಯ ಒಂದು ರೆಸಾರ್ಟಿನಲ್ಲಿ ತೆಂಗಿನ ಗರಿಯ ಚಪ್ಪರ, ಸಗಣಿ ಸಾರಿಸಿದಂತೆ ಕಾಣುವ ನೆಲ, ಲಾಟೀನು, ಒನಕೆ, ಬೀಸುವ ಕಲ್ಲು. ತಿಪಟೂರಿನ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಅದೇ ಲಾಟೀನಿನ ಹೊಗೆಯಲ್ಲಿ ಓದಿ, ಅದರಿಂದ ಪಾರಾಗಲೆಂದೇ ಬ್ಯಾಂಕ್ ಪರೀಕ್ಷೆ ಬರೆದವನು ನಾನು. ಬಾಡಿಗೆ ಪಟ್ಟಿ ಓದುತ್ತಾ ಹೋದೆ. ಲಾಟೀನು, ಒಂದಕ್ಕೆ ದಿನಕ್ಕೆ 250 ರೂಪಾಯಿ. ಹಿತ್ತಾಳೆ ಹಂಡೆ, ಹಳೆಯದು, 1,500 ರೂಪಾಯಿ. 1991ರಲ್ಲಿ ಬೆಂಗಳೂರಿನ ಬಾಡಿಗೆ ಮನೆಗೆ ಬರುವಾಗ, ಜಾಗವಿಲ್ಲ ಎಂದು ಅಮ್ಮನ ಹಂಡೆ, ಕೊಡಪಾನ ಎರಡನ್ನೂ ಬೀದಿಯಲ್ಲಿ ಬಂದ ಪಾತ್ರೆಯವನಿಗೆ ಕೊಟ್ಟು ಸ್ಟೀಲ್ ಡಬ್ಬ ತೆಗೆದುಕೊಂಡಿದ್ದೆ. ಐದು ಡಬ್ಬ ಬಂತೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಅಮ್ಮ ಆ ಡಬ್ಬಗಳನ್ನು ಒಂದೊಂದಾಗಿ ತೆರೆದು ಮುಚ್ಚಿ ನೋಡಿ, ಏನೂ ಹೇಳದೆ ಒಳಗೆ ಹೋಗಿದ್ದರು. ಥೀಮೇಶನಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಒಂದು ಮೂಲೆ ಮಾಡಿ ಲೈಟು ಬಿಡುತ್ತಿದ್ದ.

ಇನ್ನು ಎತ್ತಿನ ಗಾಡಿ.

ವರಪೂಜೆ ಮೇ ತಿಂಗಳ ಒಂದು ಭಾನುವಾರ. ಭಾನುವಾರದ ರಾಹುಕಾಲ ಆರಕ್ಕೆ ಮುಗಿಯುತ್ತದೆ. ಸೂರ್ಯ ಮುಳುಗುವುದು ಆರೂವರೆ ದಾಟಿದ ಮೇಲೆ. ಈ ಎರಡರ ನಡುವಿನ ಅರ್ಧ ಗಂಟೆ ಶಾಸ್ತ್ರಕ್ಕೂ ಕ್ಯಾಮೆರಾಕ್ಕೂ ಒಪ್ಪುವ ಹೊತ್ತೆಂದು ಥೀಮೇಶ ಕಂಡುಹಿಡಿದಿದ್ದ. 6.10ಕ್ಕೆ ಮದುಮಗ ಹಳ್ಳಿಕಾರ್ ಎತ್ತಿನ ಗಾಡಿಯಲ್ಲಿ ಬಂದು, ಹೂವಿನ ಕಮಾನು ದಾಟಿ ಇಳಿಯಬೇಕು. ಇದಕ್ಕೆ 'ಎಂಟ್ರಿ' ಎನ್ನುತ್ತಾರೆ. ನಲವತ್ತು ಸೆಕೆಂಡಿನ ಹಾಡು, ಮೇಲೆ ಡ್ರೋನ್, ಎರಡು ಬದಿ ಕಿಡಿ ಕಾರುವ ಯಂತ್ರ. ಕಿಡಿಯ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಗಾಡಿ ಹೊಡೆಯುವ ಯಜಮಾನರೂ ನನ್ನ ಪಕ್ಷ ಸೇರಿದರು. ಘಾಟಿ ಜಾತ್ರೆಯಲ್ಲಿ ಕಟ್ಟಿಕೊಂಡು ಬಂದ ಜೋಡಿ ಅದು, ಕೊಂಬಿಗೆ ಹಿತ್ತಾಳೆ ಅಣಸು, ಬೆನ್ನಿಗೆ ಜೂಲು, ನಮ್ಮ ಭಾವೀ ಅಳಿಯನಿಗಿಂತ ಚೆನ್ನಾಗಿ ಸಿಂಗಾರವಾಗಿದ್ದವು. "ಎತ್ತು ಬೆದರಿದರೆ ನಿಮ್ಮ ಮದುಮಗ ಕನಕಪುರದಲ್ಲಿ ಸಿಗ್ತಾನೆ ಸ್ವಾಮಿ" ಎಂದರು ಯಜಮಾನರು. ಕಿಡಿ ರದ್ದಾಯಿತು.

ಎತ್ತುಗಳು ಬೆದರಲಿಲ್ಲ. ಡ್ರೋನಿನ ಗುಂಯ್‌ಗುಡುವಿಕೆಗೆ ಒಮ್ಮೆ ಕಿವಿ ಕೊಡವಿದವು, ಅಷ್ಟೆ. ಗಜಗಂಭೀರವಾಗಿ ನಡೆದು ಬಂದು, ಸರಿಯಾಗಿ ಕಮಾನಿನ ಕೆಳಗೆ ನಿಂತು, ತಿನ್ನಲು ಶುರುಮಾಡಿದವು.

ಮೊದಲು ಎಡಗಡೆಯ ಬಾಳೆಕಂದು. ಆಮೇಲೆ ಮಾವಿನ ತೋರಣ. ಹಾಡು ಮುಗಿದು ಎರಡನೇ ಸಲ ಶುರುವಾಯಿತು. ಯಜಮಾನರು "ಹೋ... ಹೋ..." ಎಂದರು, ಹಗ್ಗ ಜಗ್ಗಿದರು, ಬಾಲ ತಿರುಚಿದರು. "ಬಿಸಿಲಲ್ಲಿ ಮೂರು ಗಂಟೆಯಿಂದ ನಿಲ್ಲಿಸಿದೀರಿ, ಹೊಟ್ಟೆ ಇರಲ್ವಾ?" ಎಂದು ನಮ್ಮ ಮೇಲೇ ರೇಗಿದರು. ಗಾಡಿಯ ಮೇಲೆ ಮದುಮಗ ಅಭ್ಯಾಸ ಮಾಡಿಸಿದಂತೆ ನಗುತ್ತಾ ಕೈ ಬೀಸುತ್ತಲೇ ಇದ್ದ. ಬೀಸಿದ್ದನ್ನು ನಿಲ್ಲಿಸುವುದು ಯಾವಾಗ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಡು ಮೂರನೇ ಸಲ ಬಂತು. ಥೀಮೇಶ ವಾಕಿಟಾಕಿಯಲ್ಲಿ "ಎತ್ತು ಮೂವ್ ಮಾಡಿ, ಎತ್ತು ಮೂವ್ ಮಾಡಿ" ಎನ್ನುತ್ತಿದ್ದ. ಎತ್ತಿನ ಹತ್ತಿರ ವಾಕಿಟಾಕಿ ಇರಲಿಲ್ಲ.

ಆಮೇಲೆ ನಡೆದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆ ಕಮಾನಿನ ಬಗ್ಗೆ ಥೀಮೇಶ, "ಅಷ್ಟೂ ಫ್ರೆಶ್ ಹೂವು ಚಿಕ್ಕಪ್ಪ, ಕೆ.ಆರ್. ಮಾರ್ಕೆಟ್ಟಿಂದ ಬೆಳಗಿನ ಜಾವ ತರಿಸಿದ್ದು" ಎಂದಿದ್ದ. ಬಲಗಡೆಯ ಎತ್ತು ಚೆಂಡುಹೂವಿನ ಒಂದು ಗೊಂಚಲಿಗೆ ಬಾಯಿ ಹಾಕಿ ಅಗಿದು ನುಂಗಿತು. ಪಕ್ಕದ ಗೊಂಚಲಿಗೆ ಬಾಯಿ ಹಾಕಿ ಥೂ ಎಂದು ಉಗಿಯಿತು. ಇನ್ನೊಂದನ್ನು ತಿಂದಿತು. ಮತ್ತೆರಡನ್ನು ಉಗಿಯಿತು. ಹೀಗೆ ಇಡೀ ಕಮಾನನ್ನು ಅದು ತಾಳ್ಮೆಯಿಂದ ಪರಿಶೀಲಿಸುತ್ತಾ ಹೋದಂತೆ, ಅಸಲಿ ಎಷ್ಟು, ಪ್ಲಾಸ್ಟಿಕ್ ಎಷ್ಟು ಎಂಬ ಲೆಕ್ಕ ಮುನ್ನೂರು ಅತಿಥಿಗಳ ಎದುರು ನೆಲದ ಮೇಲೆ ಬಿದ್ದಿತು. ನನ್ನ ಸರ್ವೀಸಿನಲ್ಲಿ ಅಂಥ ಆಡಿಟರನ್ನು ನಾನು ಕಂಡಿರಲಿಲ್ಲ.

ರಾಹು ಬಿಟ್ಟುಕೊಟ್ಟ ಅರ್ಧ ಗಂಟೆಯನ್ನು ಎತ್ತುಗಳು ತಿಂದು ಮುಗಿಸಿದವು. ಸೂರ್ಯ ಮುಳುಗಿದ. ಬೀಗರು ಮುಖ ಬಿಗಿದುಕೊಂಡಿದ್ದರು. ಆಗ ನಮ್ಮ ಸೋದರತ್ತೆ ಒಂದು ಮೊರ ಅಕ್ಕಿ, ಬೆಲ್ಲ ತಂದು ಎತ್ತುಗಳ ಮುಂದೆ ಹಿಡಿದು ಹಿಂದಕ್ಕೆ ಹೆಜ್ಜೆ ಹಾಕತೊಡಗಿದರು. ಎತ್ತುಗಳು ಅವರ ಹಿಂದೆ ಬಂದವು, ಎತ್ತಿನ ಹಿಂದೆ ಅಳಿಯ ಬಂದ. ಬೀಗಿತ್ತಿ ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಎಫ್‌ಓಬಿಯಾದ ನಾನೂ, ಪಟ್ಟಿಯಲ್ಲಿದ್ದ ಹೊತ್ತಿಗಿಂತ ಐವತ್ತು ನಿಮಿಷ ತಡವಾಗಿ, ನಕ್ಕೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಗಂಟೆಗೆ ಎದ್ದು ಕೆಳಗೆ ಬಂದೆ. ಚಪ್ಪರದ ಕಂಬದ ಪಕ್ಕ ಆ 1,500 ರೂಪಾಯಿಯ ಹಂಡೆ. ಅದರ ಮೇಲೆ ಕೈಯಾಡಿಸಿದೆ. ಒಂದು ಬದಿಗೆ ಅಂಗೈಯಗಲ ತಗ್ಗು. ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ. ಮೊಬೈಲ್ ಬೆಳಕು ಬಿಟ್ಟು ಓದಿದೆ. ಹುಣಿಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಹೆಸರು ಸವೆದುಹೋಗಿತ್ತು. 'ಚಿ. ಸೌ.' ಎಂಬುದೂ, '1968' ಎಂಬುದೂ ಉಳಿದಿದ್ದವು. ಯಾವ ಊರಿನ ಚಿರಂಜೀವಿ ಸೌಭಾಗ್ಯವತಿಯೋ. ಯಾವ ಮಗ ಎಷ್ಟು ಸ್ಟೀಲ್ ಡಬ್ಬಕ್ಕೆ ಕೊಟ್ಟನೋ.

ಅಷ್ಟರಲ್ಲಿ ಕಮಾನಿನ ಹತ್ತಿರ ಸದ್ದಾಯಿತು. ಥೀಮೇಶ ಏಣಿ ಹತ್ತಿ ಒಬ್ಬನೇ ಹೊಸ ಬಾಳೆಕಂದು ಕಟ್ಟುತ್ತಿದ್ದ. ಕೆಲಸದವರು ಹೊರಟುಹೋಗಿದ್ದರಂತೆ. ಬಿಸಿ ಅಂಟು ತಗುಲಿ ಎರಡು ಬೆರಳು ಬೊಬ್ಬೆ ಬಂದಿದ್ದವು.

"ಊಟ ಆಯ್ತೇನೋ?" ಎಂದೆ.

"ಶೆಡ್ಯೂಲ್‌ನಲ್ಲಿ ನನ್ನ ಊಟ ಹಾಕೋದು ಮರೆತಿದ್ದೆ ಚಿಕ್ಕಪ್ಪ" ಎಂದ.

ಅಡುಗೆಮನೆಯಲ್ಲಿ ಉಳಿದಿದ್ದ ಅನ್ನ, ತಿಳಿಸಾರು, ಮಜ್ಜಿಗೆ ಹುಡುಕಿ ತಂದು ಬಡಿಸಿದೆ. ಎರಡು ದಿನದಲ್ಲಿ ನಾನು ಯಾರಿಗಾದರೂ ಬಡಿಸಿದ್ದು, ಯಾರನ್ನಾದರೂ ಊಟ ಆಯ್ತಾ ಎಂದು ಕೇಳಿದ್ದು ಅದೇ ಮೊದಲು. ಪಟ್ಟಿಯಲ್ಲಿ ಅದು ಇರಲಿಲ್ಲವಲ್ಲ.

1986ರಲ್ಲಿ ನನ್ನ ಮದುವೆಗೆ ಊರಿನ ಮನೆ ಮುಂದೆ ಚಪ್ಪರ ಹಾಕಿದ್ದರು. ಗರಿ ನಮ್ಮದೇ ತೋಟದ್ದು. ಹೆಣೆದವರು ಅಕ್ಕಪಕ್ಕದವರು. ಅವರ ಮನೆ ಮದುವೆಗೆ ನಾವೂ ಹೋಗಿ ಹೆಣೆದದ್ದಾಯಿತು, ಹಣದ ಮುಯ್ಯಿಯಂತೆ ಅದೂ ಒಂದು ಮುಯ್ಯಿ. ದೊಡ್ಡಪ್ಪನ ಕೈಯಲ್ಲಿ ಉಗ್ರಾಣದ ಕೀಲಿ, ಹಳೇ ಕ್ಯಾಲೆಂಡರಿನ ಬೆನ್ನಿನ ಮೇಲೆ ಬೆಲ್ಲ, ಸೀಮೆಎಣ್ಣೆಯ ಪಟ್ಟಿ. ಅವರೂ ಕೂಗಾಡುತ್ತಿದ್ದರು, ಅವರೂ ಕಡೆಯ ಪಂಕ್ತಿ ಎದ್ದ ಮೇಲೆ ತಣ್ಣಗಾದ ಅನ್ನ ಉಣ್ಣುತ್ತಿದ್ದರು. ಈ ಸಲ ನನ್ನ ತಮ್ಮಂದಿರು, ಭಾವಮೈದುನರು ಎಲ್ಲರೂ ಬಂದಿದ್ದರು. ವೈಫೈ ಪಾಸ್‌ವರ್ಡ್ ಕೇಳಿಕೊಂಡು ಎಸಿ ಕೋಣೆಯಲ್ಲಿ ಮಲಗಿದ್ದರು. ನಾನೂ ಮಲಗಿದ್ದವನೇ. ನಮ್ಮ ಮನೆಯ ಮದುವೆಗೆ ನಾವೆಲ್ಲ ಅತಿಥಿಗಳಾಗಿ ಬಂದು, ಮನೆಯವನಾಗಿ ಉಳಿದವನು ಈ ಕರಿ ಟೀ ಶರ್ಟಿನ ಹುಡುಗ ಒಬ್ಬನೇ ಎಂದು...

"ಚಿಕ್ಕಪ್ಪ, ಹಾಗೇ ಇರಿ, ಅಲ್ಲಾಡಬೇಡಿ" ಎಂದ ಥೀಮೇಶ, ಸಾರನ್ನದ ಕೈಯನ್ನು ಪಕ್ಕಕ್ಕೆ ಹಿಡಿದು, ಎಡಗೈಯಲ್ಲಿ ಮೊಬೈಲ್ ಎತ್ತಿ. "ಹಂಡೆ, ನೀವು, ಆ ಫೀಲಿಂಗು... ಕ್ಯಾಂಡಿಡ್ ಸಖತ್ತಾಗಿ ಬರುತ್ತೆ."

ಫೀಲಿಂಗು ಅಲ್ಲಿಗೆ ಮುಗಿಯಿತು.

ಹದಿನೈದು ದಿನದ ಮೇಲೆ ಬಿಲ್ಲು ಬಂತು. 'ಫ್ರೆಶ್ ಫ್ಲೋರಲ್ಸ್, ಕಮಾನು' ಎಂಬ ಸಾಲಿನ ಮುಂದೆ ಅವನೇ ಅರ್ಧ ಹೊಡೆದುಹಾಕಿ ಮರುಬರೆದಿದ್ದ. ಎತ್ತಿನ ಆಡಿಟ್ಟಿಗೆ ಅಷ್ಟು ಮರ್ಯಾದೆ ಸಂದಿತು. ಕೊನೆಯ ಸಾಲು: 'ಹಂಡೆ, ಡ್ಯಾಮೇಜ್, ಒಂದು ತಗ್ಗು: 800 ರೂಪಾಯಿ'.

ಫೋನ್ ಮಾಡಿದೆ. "ಆ ತಗ್ಗು ನಮ್ಮದಲ್ಲ ಕಣೋ. ನಾನು ಕಣ್ಣಾರೆ ನೋಡಿದೀನಿ, ಹಳೇದು."

"ಗೊತ್ತು ಚಿಕ್ಕಪ್ಪ. ಆದರೆ ವೆಂಡರ್ ಒಪ್ತಿಲ್ಲ. ಬೇಕಾದರೆ ಆ ಎಂಟುನೂರು ನಾನೇ..."

"ಬೇಡ ಬಿಡು, ಕೊಡ್ತೀನಿ" ಎಂದೆ. ಸ್ವಲ್ಪ ತಡೆದು ಕೇಳಿದೆ. "ಅವನು ಆ ಹಂಡೆ ಮಾರ್ತಾನಾ ವಿಚಾರಿಸ್ತೀಯಾ?"

ಆ ಕಡೆ ಟ್ಯಾಬ್ ಮೇಲೆ ಬೆರಳಾಡಿಸುವ ಸದ್ದು.

"ಇಲ್ಲ ಚಿಕ್ಕಪ್ಪ. ಸೀಸನ್ ಮುಗಿಯೋವರೆಗೂ ಬುಕ್ ಆಗಿಬಿಟ್ಟಿದೆ. ಎಲ್ಲಾ ಹಳ್ಳಿ ಥೀಮೇ."