ತಾಲ್ಲೂಕಿಗೊಬ್ಬ ನೋಟಗಾರ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಊರೇ ಆಗಲಿ, ಬಸ್ ಸ್ಟ್ಯಾಂಡಿನ ಆಸುಪಾಸಿನ ಜೆರಾಕ್ಸ್ ಅಂಗಡಿಯ ಒಳಕೋಣೆಯಲ್ಲಿ ಇವನು ಇದ್ದೇ ಇರುತ್ತಾನೆ. ಸೊಸೈಟಿಯ ವೆಬ್‌ಸೈಟು, ಕಾಲೇಜಿನದು, ಕಲ್ಯಾಣ ಮಂಟಪದ್ದು ಎಲ್ಲಾ ಇವನ ಕೈಯಲ್ಲೇ. ಬೋರ್ಡಿನ ಪ್ರಕಾರ ವೆಬ್ ಡಿಸೈನರ್. ಕಸುಬು ನೋಡಿದರೆ ವ್ಯೂ ಕಟ್ಟುವವನು. ಡ್ರೂಪಲ್, ವರ್ಡ್‌ಪ್ರೆಸ್, ಜೂಮ್ಲಾದಂಥ ವ್ಯವಸ್ಥೆಗಳಲ್ಲಿ ಮಾಹಿತಿಯೆಲ್ಲ ಒಂದೇ ಕಣಜದಲ್ಲಿ ಬಿದ್ದಿರುತ್ತದೆ. ಅದರಿಂದ ಏನನ್ನು ಆರಿಸಿ, ಯಾವ ಕ್ರಮದಲ್ಲಿ, ಯಾವ ರೂಪದಲ್ಲಿ ತೋರಿಸಬೇಕೆಂದು ಹೇಳುವುದೇ ವ್ಯೂ. ಕಣಜ ಒಂದು, ಜರಡಿ ನೂರು. ಸಿದ್ಧ ಜರಡಿ ಸಾಲದು ಅನ್ನಿಸಿದರೆ ಪ್ಲಗಿನ್ ಬರೆದು ಹೊಸದನ್ನು ಹೆಣೆದುಕೊಳ್ಳಬಹುದು. ಇವನಿಗೆ ಸಿದ್ಧ ಜರಡಿ ಸಾಕಾದ ದಿನವೇ ಇಲ್ಲ. ಹಿಂದೆ ನಾಣ್ಯ ಖರೆಯೋ ಖೋಟಾವೋ ಎಂದು ಪರೀಕ್ಷಿಸುವವನನ್ನು ನೋಟಗಾರ ಎನ್ನುತ್ತಿದ್ದರು. ಇವನೂ ನೋಟಗಾರನೇ, ನಾಣ್ಯದ ತಂಟೆಗೆ ಮಾತ್ರ ಹೋಗುವುದಿಲ್ಲ.

ನನ್ನ ವಾದ ಇಷ್ಟೇ: ಇವನು ಸೋಮಾರಿಯಲ್ಲ, ಅತಿ ಕಷ್ಟಪಟ್ಟು ಕೆಲಸ ತಪ್ಪಿಸಿಕೊಳ್ಳುವವನು. ಅಡಿಕೆ ಸೊಸೈಟಿಯ ಕಾರ್ಯದರ್ಶಿ, “ತಮ್ಮಾ, ದಿನದ ಧಾರಣೆ ಕಾಣೋ ಹಂಗೆ ಒಂದು ಪಟ್ಟಿ ಮಾಡಿಕೊಡಪ್ಪಾ” ಅಂದರೆ, “ಆಗ್ಲಿ ಸರ್, ಆದ್ರೆ ಕಸ್ಟಮ್ ಮಾಡ್ಬೇಕಾಗುತ್ತೆ” ಎಂಬ ಉತ್ತರ ತಯಾರಿರುತ್ತದೆ. ಮೂರು ವಾರ ಕಳೆದ ಮೇಲೆ ಬರುವುದನ್ನು ಪಟ್ಟಿ ಎಂದರೆ ಅವಮಾನವಾದೀತು. ರಾಶಿ, ಬೆಟ್ಟೆ, ಸರಕು, ಗೊರಬಲು ಒಂದೊಂದಕ್ಕೂ ಒಂದೊಂದು ಬಣ್ಣ. ಕನಿಷ್ಠ, ಗರಿಷ್ಠ, ಮಾದರಿ ಬೆಲೆಗೆ ಮೂರು ಕಂಬ. ಮೊಬೈಲಿನಲ್ಲಿ ತೆರೆದರೆ ಇಸ್ಪೀಟೆಲೆಯಂತೆ ಮಗುಚಿಕೊಳ್ಳುವ ಚೌಕಗಳು. ಬೆಲೆ ಮಾತ್ರ ಪರೀಕ್ಷೆಗೆಂದು ಮೊದಲ ದಿನ ಇವನೇ ಒತ್ತಿದ ಒಂದು, ಎರಡು, ಮೂರು. ಕ್ವಿಂಟಲಿಗೆ ನೂರಿಪ್ಪತ್ಮೂರು ರೂಪಾಯಿ ನೋಡಿದ ಬೆಳೆಗಾರನ ಎದೆ ಏನಾಗಬೇಕು! ನಿಜವಾದ ಧಾರಣೆ ಹಾಕಬೇಕಾದರೆ ದಿನಾ ಸಂಜೆ ಮಂಡಿಗೆ ಫೋನು ಮಾಡಬೇಕು, ಎತ್ತದಿದ್ದರೆ ಇನ್ನೊಮ್ಮೆ ಮಾಡಬೇಕು, ಬರೆದುಕೊಂಡು ಒತ್ತಬೇಕು. ಮಾಹಿತಿ ತರುವವನು ನಾಲ್ಕು ಜನರ ಬಾಗಿಲು ತಟ್ಟಬೇಕು. ವ್ಯೂ ಕಟ್ಟುವವನು ಕುರ್ಚಿ ಬಿಟ್ಟೇಳಬೇಕಿಲ್ಲ.

ಸಿದ್ಧ ವ್ಯೂಗಳು ಎಲ್ಲೋ ಕೂತವರು ಮಾಡಿದವು, ನಮ್ಮ ಊರಿನ ಅಗತ್ಯ ಅವಕ್ಕೇನು ಗೊತ್ತು ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ನ್ಯಾಯವಿದೆ. ಚನ್ನಗಿರಿಯವರಿಗೆ ಅಡಿಕೆಯ ಧಾರಣೆ ಬೇಕು, ಸೂಳೆಕೆರೆಯ ನೀರಿನ ಮಟ್ಟ ಬೇಕು. ಹೊನ್ನಾಳಿಯವರಿಗೆ ಮಳೆಗಾಲದಲ್ಲಿ ತುಂಗಭದ್ರೆ ಎಲ್ಲಿಯವರೆಗೆ ಬಂದಳೆಂದು ತಿಳಿಯಬೇಕು. ಜಗಳೂರಿನವರಿಗೆ ಮಳೆಯೇ ಬಂತೋ ಇಲ್ಲವೋ ಎಂಬುದು ಮೊದಲು. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನಮ್ಮ ಅಕ್ಷರಮಾಲೆಯಲ್ಲೇ ಇದೆ. ವರ್ಣಮಾಲೆಯಲ್ಲಿ ಳಕಾರ ಹಕಾರವಾದ ಮೇಲೆ, ಕಟ್ಟಕಡೆಗೆ. ಯೂನಿಕೋಡಿನ ಸಂಕೇತಗಳಲ್ಲಿ ಅದನ್ನು ಲಕಾರದ ಮಗ್ಗುಲಲ್ಲೇ ಕೂರಿಸಿದ್ದಾರೆ. ಬರೀ ಸಂಕೇತದ ಸಂಖ್ಯೆ ನೋಡಿ ಜೋಡಿಸಿದರೆ ಬಳ್ಳಾರಿ ಮೊದಲು, ಬಸವಾಪಟ್ಟಣ ಆಮೇಲೆ ಬರುತ್ತದೆ. ನಿಘಂಟು ನೋಡಿ ಬೆಳೆದ ಕನ್ನಡ ಮೇಷ್ಟ್ರಿಗೆ ಬಸವಾಪಟ್ಟಣವೇ ಮೊದಲು. ಇದನ್ನು ಸರಿಪಡಿಸುವ ಸಾಲುಗಳನ್ನು ಬರೆದ ದಿನ ನೋಟಗಾರ ನಿಜಕ್ಕೂ ಕನ್ನಡದ ಕೆಲಸ ಮಾಡಿದ. ಅವನು ಕೆಟ್ಟದ್ದೂ ಅಂದೇ. ಒಂದು ಸಲ ಸರಿಯಾದವನಿಗೆ ಆಮೇಲೆ ಎಲ್ಲವೂ ಳಕಾರವಾಗಿಯೇ ಕಾಣುತ್ತದೆ. ಸಿಬ್ಬಂದಿಯ ಹೆಸರುಗಳನ್ನು ಸಾಲಾಗಿ ತೋರಿಸಲು ಡ್ರೂಪಲ್‌ನ ವ್ಯೂಸ್ ಧಾರಾಳವಾಗಿ ಸಾಕು. ಮೊದಲು ಬೇರೆ ಮಾಡ್ಯೂಲಾಗಿದ್ದ ಅದನ್ನು 2015ರಲ್ಲಿ ಡ್ರೂಪಲ್ 8 ಬಂದಾಗ ಮೂಲ ವ್ಯವಸ್ಥೆಗೇ ಸೇರಿಸಿಕೊಂಡರು. ನಾಲ್ಕು ಕಡೆ ಕ್ಲಿಕ್ ಮಾಡಿದರೆ ಕೆಲಸ ಮುಗಿಯಿತು. ಆದರೆ ಕ್ಲಿಕ್ಕಿಗೆ ಬಿಲ್ಲು ಹಾಕುವುದು ಹೇಗೆ?

ಇವನ ಪ್ರತಿಭೆ ಪೂರ್ತಿ ಅರಳುವುದು ಕಣಜದ ಕಾಳೇ ಕೆಟ್ಟಾಗ. ಬೆಳಗುತ್ತಿಯನ್ನೇ ತೆಗೆದುಕೊಳ್ಳಿ. ಊರು ಕೂತ ಜಾಗದಿಂದ ಕದಲಿಲ್ಲ. ಆದರೆ 1997ರವರೆಗಿನ ಕಾಗದದಲ್ಲಿ ಅದು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನದು. ದಾವಣಗೆರೆ ಜಿಲ್ಲೆ ಆದ ಮೇಲೆ ದಾವಣಗೆರೆ ಜಿಲ್ಲೆಯ ಹೊನ್ನಾಳಿಯದು. 2017-18ರ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳ ಘೋಷಣೆಯಾಗಿ, ಈಗ ನ್ಯಾಮತಿಯದು. ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಒಂದೇ ಊರಿನವರು ಮೂರು ಕಡೆ ಹಂಚಿಹೋಗುತ್ತಾರೆ. ಒಂದು ವಾರ ಕೂತು ಒಂದೊಂದೇ ಹೆಸರನ್ನು ತಿದ್ದುವುದು ಮರ್ಯಾದಸ್ಥರ ದಾರಿ. ನೋಟಗಾರನ ದಾರಿ ಬೇರೆ: ತಪ್ಪನ್ನು ತಪ್ಪಾಗಿಯೇ ಬಿಟ್ಟು, ಮೂರನ್ನೂ ಒಂದೆಂದು ತೋರಿಸುವ ಫಿಲ್ಟರು ಬರೆಯುವುದು. ಜಾಣತನವಲ್ಲವೇ ಎನ್ನಬಹುದು. ಜಾಣತನವೇ, ಕೊಳೆತ ತರಕಾರಿಯನ್ನು ಅಡಿಯಲ್ಲಿಟ್ಟು ಮೇಲೆ ಒಳ್ಳೆಯದನ್ನು ಜೋಡಿಸುವ ಸಂತೆಯವನದೂ ಅದೇ ಜಾಣತನ. ಇವನ ಪರವಾಗಿ ಒಂದು ಮಾತು ಹೇಳಲೇಬೇಕು. ಸರ್ಕಾರವೂ ಮಾಡಿದ್ದು ಹೆಚ್ಚುಕಮ್ಮಿ ಇದೇ ತಾನೆ? ಹೊಲ, ಕೆರೆ, ಜನ ಎಲ್ಲಾ ಇದ್ದಲ್ಲೇ ಇದ್ದರು. ಶಿವಮೊಗ್ಗದ ಜರಡಿಯಿಂದ ಚನ್ನಗಿರಿ, ಹೊನ್ನಾಳಿಯನ್ನೂ ಚಿತ್ರದುರ್ಗದ ಜರಡಿಯಿಂದ ಜಗಳೂರನ್ನೂ ತೆಗೆದು ಹೊಸ ವ್ಯೂ ಕಟ್ಟಿ ದಾವಣಗೆರೆ ಎಂದು ಹೆಸರಿಟ್ಟರು. ಆದರೂ ಒಂದು ವ್ಯತ್ಯಾಸವುಂಟು: ಸರ್ಕಾರದ ವ್ಯೂನಲ್ಲಿ ಕಚೇರಿಗೆ ಹೋಗುವ ಬಸ್ಸಿನ ದಾರಿ ಬದಲಾಗುತ್ತದೆ, ಇವನ ವ್ಯೂನಲ್ಲಿ ಬಣ್ಣ.

ದೂರನ್ನೆಲ್ಲ ಇವನೊಬ್ಬನ ತಲೆಗೆ ಕಟ್ಟುವುದೂ ಸರಿಯಲ್ಲ. ಪುಟ ಉದ್ಘಾಟನೆಯ ದಿನ ಕಮಿಟಿಯವರು ನೋಡುವುದು ಅಧ್ಯಕ್ಷರ ಫೋಟೋ ಎಷ್ಟು ದೊಡ್ಡದಾಗಿ ಬಂದಿದೆ ಎಂಬುದನ್ನು. ಕಣಜ ತುಂಬುವವನಿಗೆ ಸಂಬಳವಿಲ್ಲ, ಶಾಲೂ ಇಲ್ಲ; ಜರಡಿ ಹೆಣೆದವನಿಗೆ ಎರಡೂ ಉಂಟು. ಹಾಗಿರುವಾಗ ಇವನು ಇನ್ನೇನು ಮಾಡಿಯಾನು? ಕಷ್ಟ ಬರುವುದು ಮೂಲ ವ್ಯವಸ್ಥೆ ಹೊಸದಾದಾಗ. ಡ್ರೂಪಲ್ 7ಕ್ಕೆ 2025ರ ಜನವರಿಯಲ್ಲಿ ಅಧಿಕೃತ ಬೆಂಬಲ ನಿಂತಿತು. ಅದಕ್ಕೆಂದು ಬರೆದ ಪ್ಲಗಿನ್ನನ್ನು ಹೊಸದಕ್ಕೆ ಒಯ್ಯುವುದೆಂದರೆ ಹೆಚ್ಚುಕಡಿಮೆ ಮತ್ತೆ ಬರೆದಂತೆ. ಅಷ್ಟು ಹೊತ್ತಿಗೆ ಕಟ್ಟಿದವನು ಬೆಂಗಳೂರಿನ ಕಂಪನಿ ಸೇರಿರುತ್ತಾನೆ, ಒಳಗೇನಿದೆ ಎಂದು ಒಂದು ಸಾಲೂ ಬರೆದಿಟ್ಟಿರುವುದಿಲ್ಲ. ಅದೇ ಜೆರಾಕ್ಸ್ ಅಂಗಡಿಯ ಅದೇ ಕುರ್ಚಿಗೆ ಬಂದ ಹೊಸಬ ಕೋಡನ್ನು ಮೇಲಿಂದ ಕೆಳಗೆ ನೋಡಿ, “ಯಾರ್ ಸರ್ ಇದನ್ನ ಮಾಡಿದ್ದು?” ಎನ್ನುತ್ತಾನೆ. ಆಮೇಲೆ ಎಲ್ಲವನ್ನೂ ಕಿತ್ತು ಹೊಸ ವ್ಯೂ ಕಟ್ಟಲು ಶುರುಮಾಡುತ್ತಾನೆ. ಅವನು ಮೊದಲು ಕೈಹಾಕುವುದು, ತೋರಿಸಲು ಏನೂ ಸಿಗದಿದ್ದಾಗ ಬರುವ “ಯಾವುದೇ ಮಾಹಿತಿ ಲಭ್ಯವಿಲ್ಲ” ಎಂಬ ಸಾಲಿಗೆ. ಜನರ ಕಣ್ಣಿಗೆ ಹೆಚ್ಚಾಗಿ ಬೀಳುವುದು ಅದೇ ಎಂದು ಅವನಿಗೂ ಗೊತ್ತು. ಅದಕ್ಕೇ ನಾಲ್ಕು ತಾಲ್ಲೂಕಿಗೆ ನಾಲ್ಕು ಬಣ್ಣ ಕೊಟ್ಟಿದ್ದಾನೆ.